ಒಲೆಗೆ ಆಗುವ ಕಲ್ಲು, ಒಲೆಗೆ ಆಗದ ಕಲ್ಲು

ಇವತ್ತು ಮಾಡಿದ ಕೆಲಸಗಳು ಇಷ್ಟು. ಐದೂವರೆಗೆ ಎದ್ದು ಬಚ್ಚಲೊಲೆಗೆ ಉರಿ ಹಾಕಿದೆ. ಹಾಲು ಕಾಯಿಸಲು ಇಟ್ಟು, ಉಕ್ಕಿಸಿ, ಒಲೆ ಒರೆಸಿದೆ. ನಿನ್ನೆಯ ದೋಸೆಹಿಟ್ಟಿನ ತಳಕ್ಕೆ ಒಂದು ಹಿಡಿ ಅಕ್ಕಿಹಿಟ್ಟು, ಒಂದು ಈರುಳ್ಳಿ ಸೇರಿಸಿ ನಾಲ್ಕು ದೋಸೆಯಾಗುವುದನ್ನು ಆರು ಮಾಡಿದೆ. ಇವರ ಖಾಕಿ ಅಂಗಿಗೆ ನೀಲಿ ಗುಂಡಿ ಹೊಲಿದೆ. ಹತ್ತಿರ ಬಂದು ನೋಡುವವರು ಯಾರೂ ಇಲ್ಲ. ಎಂಟೂಮುಕ್ಕಾಲರ ಬಸ್ಸಿನಲ್ಲಿ ಹಿರೇಕೊಡಿಗೆಗೆ ಹೋಗಿ ವಾಚನಾಲಯದ ಬಾಗಿಲು ತೆಗೆದೆ, ಕಸ ಗುಡಿಸಿದೆ, ಪೇಪರುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ, ಗೆದ್ದಲು ಹತ್ತಿದ ಎರಡು ಪುಸ್ತಕಗಳನ್ನು ಬಿಸಿಲಿಗೆ ಹಾಕಿದೆ. ಹನ್ನೆರಡಕ್ಕೆ ಬೀಗ ಹಾಕಿ ಕೊಪ್ಪಕ್ಕೆ ಮರಳಿದೆ. ಬಸ್‌ಸ್ಟ್ಯಾಂಡಿನ ಹಿಂದಿರುವ ನಜೀರಣ್ಣನ ಕಂಪ್ಯೂಟರ್ ಅಂಗಡಿಗೆ ಹೋಗಿ, ನಮ್ಮ ಗಿರಿಜತ್ತಿಗೆಯ ಪರೀಕ್ಷೆಯ ಫಲಿತಾಂಶ ಬಂತೇ ಎಂದು ಕೇಳಿದೆ.

"ಬಂದಿದೆ ಅಂತಾರೆ ಅಕ್ಕಾ, ಆದ್ರೆ ತೆರ್ಕೊಳ್ತಾ ಇಲ್ಲ. ಇಡೀ ರಾಜ್ಯ ಒಂದೇ ಬಾಗ್ಲಲ್ಲಿ ನುಗ್ತಾ ಇದೆ. ನಾಲ್ಕು ಗಂಟೆಗೆ ಬನ್ನಿ," ಎಂದರು ನಜೀರಣ್ಣ.

ಮನೆಗೆ ಬಂದು ಅನ್ನಕ್ಕಿಟ್ಟೆ. ಉಂಡೆನೋ ಇಲ್ಲವೋ ಸರಿಯಾಗಿ ನೆನಪಿಲ್ಲ, ತಟ್ಟೆಯಂತೂ ತೊಳೆದದ್ದಿದೆ. ನಾಲ್ಕಾಗಲು ಇನ್ನೂ ಎರಡು ಗಂಟೆ ಇತ್ತು. ಮಲಗಿದರೆ ಏಳಲಾರೆ ಎಂದು ಹೆದರಿ ಕಲ್ಲಿನ ಮರಿಗೆಯನ್ನು ಇಳಿಸಿ ತೊಳೆಯಲು ಕೂತೆ.

ಮರಿಗೆ ಎಂದರೆ ಬಳಪದ ಕಲ್ಲಿನಲ್ಲಿ ಕೊರೆದ ಪಾತ್ರೆ. ನಮ್ಮದನ್ನು ಅತ್ತೆಯವರು ಶೃಂಗೇರಿಯ ಬೀದಿಯಲ್ಲಿ ಕೊಂಡದ್ದು. ಕೊಂಡಾಗ ಬೂದಿಯ ಬಣ್ಣವಿತ್ತು, ಈಗ ಎಮ್ಮೆಯ ಮೈಯಂತಾಗಿದೆ. ಹೊಸದರಲ್ಲಿ ಉಗುರಿನಿಂದ ಗೀರಿದರೂ ಗೀರು ಬೀಳುತ್ತಿತ್ತು, ಅಷ್ಟು ಮೆದು. ಆದರೂ ಇಪ್ಪತ್ತನಾಲ್ಕು ವರ್ಷದಿಂದ ಒಲೆಯ ಮೇಲೆ ಕೂತಿದೆ. ಅದರಲ್ಲಿ ಹುಳಿ ಕುದಿಸಿದರೆ ಇಳಿಸಿ ಕಾಲು ಗಂಟೆಯಾದರೂ ಒಳಗೆ ಕೊತಕೊತ ಎನ್ನುತ್ತಲೇ ಇರುತ್ತದೆ, ಜಗಳ ಮುಗಿದ ಮೇಲೂ ಗೊಣಗುವವರ ಹಾಗೆ.

ಹೊಸ ಮರಿಗೆಯನ್ನು ಸುಮ್ಮನೆ ಒಲೆಗಿಡುವಂತಿಲ್ಲ, ಪಳಗಿಸಬೇಕು. ಎಣ್ಣೆ ಅರಿಸಿನ ಹಚ್ಚಿ ಬಿಸಿಲಿಗಿಡಬೇಕು, ದಿನವೂ ಬಿಸಿ ಗಂಜಿತಿಳಿ ತುಂಬಿಸಿ ಆರಲು ಬಿಡಬೇಕು, ಆಮೇಲೆ ಕೆಂಡದ ಬದಿಗೆ, ಆಮೇಲೆ ಸಣ್ಣ ಉರಿಗೆ. ಅವಸರ ಮಾಡಿದರೆ ಟಪ್ಪೆಂದು ಸೀಳುತ್ತದೆ. ಪಳಗಿತು ಎಂದರೆ ಮತ್ತೆ ಯಾವ ಉರಿಗೂ ಜಗ್ಗುವುದಿಲ್ಲ. ನಾನು ಈ ಮನೆಗೆ ಬಂದ ವರ್ಷವೇ ಮರಿಗೆಯೂ ಬಂದದ್ದು. ಅತ್ತೆಯವರು ಹದಿನೈದು ದಿನ ಮರಿಗೆಯನ್ನು ಉರಿಯ ಹತ್ತಿರ ಸುಳಿಯಗೊಡಲಿಲ್ಲ. ನನ್ನನ್ನು ಮಾತ್ರ ಮೊದಲ ದಿನವೇ ಒಲೆಗೆ ಹಚ್ಚಿದರು.

ಇನ್ನೊಂದು ಕಲ್ಲು ಹಿತ್ತಿಲ ಬಾಗಿಲ ಪಕ್ಕದಲ್ಲಿದೆ. ಅದು ಒರಳು. ಮಿಕ್ಸಿ ಬಂದಾಗಿನಿಂದ ಅದಕ್ಕೆ ಕೆಲಸವಿಲ್ಲ. ಅದರ ಅಂಚಿನ ಮೇಲೆ ಕೂತು ನಾವು ಚಪ್ಪಲಿ ಹಾಕಿಕೊಳ್ಳುತ್ತೇವೆ, ಗುಳಿಯಲ್ಲಿ ಬೆಕ್ಕು ಮಲಗುತ್ತದೆ. ಮೊದಲೆಲ್ಲ ವರ್ಷಕ್ಕೊಮ್ಮೆ ಗಂಡ ಹೆಂಡತಿ ಇಬ್ಬರು ಉಳಿ ಸುತ್ತಿಗೆ ಹಿಡಿದು ಕೇರಿಯಲ್ಲಿ ಕೂಗುತ್ತ ಬರುತ್ತಿದ್ದರು. ಅರೆದು ಅರೆದು ನುಣ್ಣಗಾದ ಗುಳಿಗೆ ಹೆಂಡತಿ ಒಂದೇ ಸಮನೆ ಚುಕ್ಕಿ ಚುಕ್ಕಿಯಾಗಿ ಉಳಿ ಹಾಕಿ ತರಿ ಮಾಡುತ್ತಿದ್ದಳು, ಗಂಡ ಬೀಡಿ ಸೇದುತ್ತ ಮುಂದಿನ ಮನೆ ಯಾವುದೆಂದು ವಿಚಾರಿಸುತ್ತಿದ್ದ. ಮೆದುವಾದ ಕಲ್ಲಿಗೆ ಎಣ್ಣೆ ಅರಿಸಿನ, ಗಟ್ಟಿಯಾದದ್ದಕ್ಕೆ ವರ್ಷಕ್ಕೊಮ್ಮೆ ಉಳಿಯೇಟು. ನಮ್ಮ ಮನೆಯಲ್ಲಿ ಅದೇ ನಡೆದುಬಂದದ್ದು.

ಎರಡು ಕಲ್ಲುಗಳ ವಿಷಯ ಇವಳು ಯಾಕೆ ಇಷ್ಟು ಹೇಳುತ್ತಾಳೆ ಎಂದುಕೊಂಡಿರಬಹುದು. ಏನು ಮಾಡಲಿ, ಒಂದೂವರೆ ವರ್ಷದಿಂದ ನಮ್ಮ ಮನೆಯಲ್ಲಿ ಇದೇ ಮಾತು. "ಅಗ್ನಿಶಿಲೆಗೂ ರೂಪಾಂತರ ಶಿಲೆಗೂ ಇರುವ ವ್ಯತ್ಯಾಸಗಳನ್ನು ಬರೆಯಿರಿ. ನಾಲ್ಕು ಅಂಕ." ಈ ಒಂದು ಪ್ರಶ್ನೆಯ ಮೇಲೆ ಗಿರಿಜತ್ತಿಗೆಯ ಕೆಲಸ ನಿಂತಿತ್ತು.

ಗಿರಿಜತ್ತಿಗೆ ಇವರ ಅಕ್ಕ. ವಯಸ್ಸು ನಲವತ್ತೆಂಟು. ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ಹನ್ನೊಂದು ವರ್ಷದಿಂದ ಕೊಪ್ಪದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾರೆ. ಸೇರುವಾಗ "ಸದ್ಯಕ್ಕೆ ಬನ್ನಿ" ಎಂದಿದ್ದರಂತೆ. ಆ ಸದ್ಯ ಹನ್ನೊಂದು ವರ್ಷ ಮುಗಿಯಲೇ ಇಲ್ಲ. ಹೋದ ವರ್ಷ ವಾರ್ಡನ್ ಮೇಡಂ ಕರೆದು, ಕಾಯಂ ಮಾಡುವವರ ಪಟ್ಟಿ ಹೋಗುತ್ತದೆ, ಹತ್ತನೇ ತರಗತಿ ಪಾಸಾದವರ ಹೆಸರು ಮಾತ್ರ, ಉಳಿದವರ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂದರು. ಅತ್ತಿಗೆ ಒಂಬತ್ತನೆಯದಕ್ಕೇ ಶಾಲೆ ಬಿಟ್ಟವರು. ಆ ರಾತ್ರಿ ಊಟಕ್ಕೆ ಕೂತಾಗ, "ಸುಮಾ, ನಿಂಗೆ ಓದು ಬರ್ತದಲ್ಲ, ನಂಗೂ ಸ್ವಲ್ಪ ಹಾಕು," ಎಂದರು, ಸಾರು ಕೇಳುವ ಹಾಗೆ.

ಮುಕ್ತ ಶಾಲೆಯ ಪುಸ್ತಕ ತರಿಸಿದೆವು. ಕನ್ನಡ, ಲೆಕ್ಕ, ವಿಜ್ಞಾನ ಎಲ್ಲ ಮೊದಲ ಸಲಕ್ಕೇ ದಾಟಿತು. ನೂರಿಪ್ಪತ್ತು ಜನಕ್ಕೆ ಅಕ್ಕಿ ಅಳೆಯುವವರಿಗೆ ಲೆಕ್ಕ ಕಷ್ಟವಾಗಲಿಲ್ಲ. ಉಳಿದದ್ದು ಸಮಾಜವೊಂದೇ, ಅದೂ ಮೂರು ಅಂಕಕ್ಕೆ. ಪರೀಕ್ಷೆ ಮುಗಿಸಿ ಬಂದ ದಿನವೇ ನನಗೆ ಸಂಶಯ ಹುಟ್ಟಿತ್ತು. ಕಲ್ಲಿನ ಪ್ರಶ್ನೆಗೆ ಏನು ಬರೆದಿರೆಂದು ಕೇಳಿದರೆ ಗಡಗಡ ಒಪ್ಪಿಸಿದರು. ಅಂಶಗಳೆಲ್ಲ ಸರಿ, ಒಂದೂ ಬಿಟ್ಟಿಲ್ಲ. ಆದರೆ ಅಗ್ನಿಶಿಲೆಯ ಕೆಳಗೆ ರೂಪಾಂತರ ಶಿಲೆಯದ್ದು, ರೂಪಾಂತರ ಶಿಲೆಯ ಕೆಳಗೆ ಅಗ್ನಿಶಿಲೆಯದ್ದು. ತಲೆಬರಹ ಎರಡೂ ಅದಲುಬದಲಾಗಿತ್ತು.

"ಅತ್ತಿಗೆ, ಉಲ್ಟಾ ಬರ್ದಿದೀರಿ."

"ಎಂತ ಉಲ್ಟಾ? ನೀನೇ ಹೇಳು, ದಿನಾ ಬೆಂಕಿ ಮೇಲೆ ಕೂತದ್ದು ಯಾವ್ದು?"

"ಮರಿಗೆ."

"ಬೆಂಕಿ ಅಂದ್ರೆ ಅಗ್ನಿ ಅಲ್ದಾ?"

"ಹೌದು."

"ಮತ್ತೆ ಮರಿಗೆ ಅಗ್ನಿಶಿಲೆ ಅಲ್ದೆ ಇನ್ನೆಂತ ಮಾರಾಯ್ತಿ! ಒರಳನ್ನ ಯಾವ ಮನೇಲಿ ಒಲೆ ಮೇಲೆ ಇಡ್ತಾರೆ? ಅದಕ್ಕೆ ಸೊನ್ನೆ ಕೊಡ್ತಾರೆ ಅಂದ್ರೆ, ಅವ್ರ ಮನೇಲಿ ಅಡುಗೆ ಯಾರು ಮಾಡ್ತಾರೆ ಅಂತ ಕೇಳ್ಬೇಕು."

ನನಗೆ ನಗು ಬಂತು, ಆದರೆ ನಗುವ ಹಕ್ಕು ನನಗಿರಲಿಲ್ಲ. ಯಾಕೆಂದರೆ ಎಂಟನೇ ತರಗತಿಯಲ್ಲಿ ಬಸರೀಕಟ್ಟೆಯ ಶಾಲೆಯಲ್ಲಿ ನಾನೂ ಇದನ್ನೇ ಬರೆದಿದ್ದೆ. ಸಮಾಜದ ಮೇಷ್ಟ್ರು ನನ್ನ ಉತ್ತರಪತ್ರಿಕೆಯನ್ನು ಎತ್ತಿ ಹಿಡಿದು, "ಇದು ಸಮಾಜ ವಿಜ್ಞಾನವೋ, ಅಡುಗೆ ವಿಜ್ಞಾನವೋ?" ಎಂದು ಕೇಳಿದರು. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ.

ನನ್ನದು ಅವರಿಗಿಂತ ದೊಡ್ಡ ತಪ್ಪು. ಬೆಂಕಿಗೆ ಹೆದರುವ ಕಲ್ಲು ಯಾವುದೆಂದು ಅತ್ತಿಗೆಗೆ ಯಾರೂ ತೋರಿಸಿರಲಿಲ್ಲ, ನಾನು ಕಣ್ಣಾರೆ ಕಂಡಿದ್ದೆ. ಅಪ್ಪ ಎಸ್ಟೇಟಿನ ಜೀಪು ಓಡಿಸುತ್ತಿದ್ದರು. ದಾರಿಯ ತಿರುವಿನಲ್ಲಿ ಆನೆಯಷ್ಟು ದೊಡ್ಡ ಬಂಡೆಯೊಂದು ಜೀಪಿನ ಬಾಗಿಲನ್ನು ಎರಡು ಸಲ ಕೆರೆದಿತ್ತು. ಕೆಲಸದವರು ಅದರ ಮೇಲೆ ಸೌದೆ ಒಟ್ಟಿ ಬೆಂಕಿ ಹಾಕಿದರು. ಒಂದಿಡೀ ಹಗಲು ಉರಿಸಿ, ಕಾದ ಬಂಡೆಗೆ ಕೊಡಗಟ್ಟಲೆ ತಣ್ಣೀರು ಸುರಿದರು. ಮಕ್ಕಳನ್ನೆಲ್ಲ ದೂರ ಓಡಿಸಿದ್ದರು, ನಾನು ಜೀಪಿನ ಹಿಂದಿನ ಸೀಟಿನ ಕೆಳಗೆ ಅಡಗಿ ಕೂತಿದ್ದೆ. ಬಂಡೆ ಸೀಳಿದ ಸದ್ದು ಜೀಪಿನ ತಗಡಿಗೂ ನನ್ನ ಹಲ್ಲಿಗೂ ಒಟ್ಟಿಗೇ ಕೇಳಿಸಿತು. ಸಂಜೆ ಅಪ್ಪ, "ಎಷ್ಟು ಗಟ್ಟಿ ಇದ್ರೆ ಎಂತ ಬಂತು, ಬಿಸಿ ತಾಗಿದ್ರೆ ಹೋಯ್ತು," ಎಂದು ಚಹಾ ಆರಿಸಿಕೊಂಡು ಕುಡಿದರು. ಇಷ್ಟೆಲ್ಲ ನೋಡಿಯೂ, ಆ ಬಂಡೆ ಬೆಂಕಿಯಿಂದ ಹುಟ್ಟಿದ್ದೆಂದು ಪುಸ್ತಕದಲ್ಲಿ ಓದಿದಾಗ ನಾನು ನಂಬಲಿಲ್ಲ. ಬೆಂಕಿಯಿಂದ ಹುಟ್ಟಿದ್ದಕ್ಕೆ ಬೆಂಕಿ ಆಗುವುದಿಲ್ಲ ಎಂದರೆ ಹನ್ನೆರಡು ವರ್ಷದವಳು ಹೇಗೆ ನಂಬಬೇಕು?

ರೂಪಾಂತರ ಶಿಲೆಯನ್ನಂತೂ ನಾನು ತಿಂದೇ ಬೆಳೆದವಳು. ಒಂದನೇ ತರಗತಿಯಿಂದಲೇ ಬಳಪ ತಿನ್ನುವ ಚಟ ನನಗೆ. ತುದಿಯನ್ನು ನೆಕ್ಕಿ, ಮೆಲ್ಲನೆ ಕಡಿದು, ಹಲ್ಲಿನಡಿ ಪುಡಿಯಾಗುವ ಆ ತಣ್ಣನೆಯ ರುಚಿ ಈಗಲೂ ಬಾಯಿಗೆ ಬರುತ್ತದೆ. ಅಮ್ಮ ವಾರಕ್ಕೊಂದು ಬಳಪ ಕೊಡಿಸಿ, "ಇವ್ಳು ಅಕ್ಷರ ಕಲೀತಾಳೋ ಇಲ್ವೋ, ಬಳಪ ಮಾತ್ರ ಅರಗಿಸ್ಕೊಳ್ತಾಳೆ," ಎನ್ನುತ್ತಿದ್ದರು. ಬರೆಯುವ ಬಳಪವೂ ಅದೇ ಕಲ್ಲು, ಹುಳಿ ಕುದಿಸುವ ಮರಿಗೆಯೂ ಅದೇ ಕಲ್ಲು. ನೆಲದಡಿಯಲ್ಲಿ ಯಾವುದೋ ಕಾಲದಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಿ, ಕರಗದೆಯೇ ಬೇರೆಯಾದದ್ದು. ಮೇಷ್ಟ್ರು ಅವತ್ತು ಸೊನ್ನೆ ಕೊಡುವ ಬದಲು ಇಷ್ಟು ಹೇಳಿದ್ದರೆ ಸಾಕಿತ್ತು, ನಾನು ಒಂದು ತಿಂಗಳು ಬಳಪ ಬಿಡುತ್ತಿದ್ದೆ.

ಈ ಸಲ ಪಟ್ಟಿ ಹೋಗುವ ಮೊದಲು ಉಳಿದದ್ದು ಒಂದೇ ಪರೀಕ್ಷೆ. ಸಂಜೆ ಏಳಕ್ಕೆ ಅತ್ತಿಗೆ ಹಾಸ್ಟೆಲಿನಿಂದ ಬರುತ್ತಿದ್ದರು. ಕೈಕಾಲು ತೊಳೆದು ಅಡುಗೆಮನೆಯ ಗೋಡೆಗೆ ಒರಗಿ ಕೂರುತ್ತಿದ್ದರು. ನಾನು ತರಕಾರಿ ಹೆಚ್ಚುತ್ತ ಪಾಠ ಹೇಳುತ್ತಿದ್ದೆ. ಇಬ್ಬರಲ್ಲಿ ಯಾರು ಮೊದಲು ತೂಕಡಿಸುತ್ತಾರೆ ಎಂಬುದು ತರಕಾರಿಯ ಮೇಲೆ ಹೋಗುತ್ತಿತ್ತು. ಬೀನ್ಸ್ ಆದರೆ ನಾನು, ಬೂದುಗುಂಬಳವಾದರೆ ಅವರು.

"ಭೂಮಿ ಒಳಗೆ ಕಲ್ಲು ಕರಗಿ ಪಾಕ ಆಗಿರ್ತದೆ ಅತ್ತಿಗೆ. ಆ ಪಾಕ ತಣಿದು ಗಟ್ಟಿಯಾದ್ರೆ ಅಗ್ನಿಶಿಲೆ."

"ಮೈಸೂರುಪಾಕ್ ಹಾಗೆ."

"ಹೌದು. ನಿಧಾನಕ್ಕೆ ತಣಿದ್ರೆ ದೊಡ್ಡ ಹರಳು, ಬೇಗ ತಣಿದ್ರೆ ಸಣ್ಣ ಹರಳು."

"ಕಲ್ಲುಸಕ್ಕರೆಗೂ ಅದೇ ಕತೆ. ಮುಂದೆ ಹೇಳು."

"ರೂಪಾಂತರ ಶಿಲೆ ಕರಗೋದೇ ಇಲ್ಲ. ಮೇಲಿಂದ ಭಾರ, ಕೆಳಗಿಂದ ಬಿಸಿ. ಗಟ್ಟಿ ಇದ್ದ ಹಾಗೇ ಒಳಗೊಳಗೆ ಬದ್ಲಾಗ್ತದೆ."

ಅತ್ತಿಗೆ ಒಂದು ಬೀನ್ಸಿನ ನಾರು ತೆಗೆದರು. "ಕರಗ್ಲಿಕ್ಕೂ ಬಿಡೋದಿಲ್ಲ, ಆರ್ಲಿಕ್ಕೂ ಬಿಡೋದಿಲ್ಲ. ನಮ್ಮ ಹಾಸ್ಟೆಲ್ ಕೆಲ್ಸ ಅನ್ನು."

ಇಷ್ಟು ತಿಳಿದರೂ ಕಾಗದದ ನಡುವೆ ಗೀಟು ಎಳೆದ ಕೂಡಲೇ ಹೆಸರುಗಳು ಅದಲುಬದಲಾಗುತ್ತಿದ್ದವು. ಮೂರು ದಿನ ಸರಿ ಬರೆದರೆ ನಾಲ್ಕನೇ ದಿನ ಮರಿಗೆ ಎದ್ದು ಹೋಗಿ ಅಗ್ನಿಶಿಲೆಯ ಕೆಳಗೆ ಕೂರುತ್ತಿತ್ತು. ಇವರು ಬಸ್‌ಸ್ಟ್ಯಾಂಡಿನಲ್ಲಿ ಬಸ್ ಏಜೆಂಟು. ಇಡೀ ದಿನ "ಶೃಂಗೇರಿ ಶೃಂಗೇರಿ, ಎನ್ನಾರ್‌ಪುರ ಎನ್ನಾರ್‌ಪುರ" ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬರುವವರು. ಒಂದು ದಿನ ಅದೇ ಗಂಟಲಲ್ಲಿ, "ಅಕ್ಕ, ನೀ ಪ್ರತಿ ಸಲ ಶೃಂಗೇರಿ ಬೋರ್ಡ್ ಹಾಕಿ ಎನ್ನಾರ್‌ಪುರಕ್ಕೆ ಬಸ್ ಬಿಡ್ತೀಯಲ್ಲ," ಎಂದರು.

"ನೀ ಸುಮ್ನಿರಾ. ಹತ್ತನೇದ್ರಲ್ಲಿ ಸಮಾಜಕ್ಕೆ ನಿಂದು ಎಷ್ಟು ಅಂತ ಅಪ್ಪಯ್ಯ ಸಾಯೋ ತನಕ ಯಾರಿಗೂ ಹೇಳಿಲ್ಲ," ಎಂದರು ಅತ್ತಿಗೆ. ಇವರು ಎದ್ದು ಹಿತ್ತಿಲಿಗೆ ಹೋದರು.

ಕೊನೆಗೊಂದು ದಿನ ನನಗೆ ದಾರಿ ಹೊಳೆಯಿತು. "ಅತ್ತಿಗೆ, ಅಗ್ನಿಶಿಲೆ ಅನ್ನೋದು ಇರೋ ಮನೆ ಹೆಸರಲ್ಲ, ತವರುಮನೆ ಹೆಸರು. ಅದು ಹುಟ್ಟಿದ್ದು ಬೆಂಕಿಲಿ. ಈಗ ಎಲ್ಲಿದೆ ಅಂತ ಕೇಳ್ಬೇಡಿ, ಎಲ್ಲಿಂದ ಬಂತು ಅಂತ ಕೇಳಿ."

ಅವರು ಹೆಚ್ಚಿಟ್ಟ ಸೌತೆಕಾಯಿಯ ಒಂದು ಹೋಳು ಬಾಯಿಗೆ ಹಾಕಿಕೊಂಡರು. "ತವರು ಬೆಂಕಿ. ಹಾಗಾದ್ರೆ ತಿರ್ಗಿ ತವರಿಗೆ ಬಂದ್ರೆ ಒಡೀತದೆ."

"ಕಲ್ಲಿನ ವಿಷ್ಯ ಹೇಳಿದ್ದು ಅತ್ತಿಗೆ."

"ನಾನೂ ಕಲ್ಲಿನ ವಿಷ್ಯವೇ ಹೇಳಿದ್ದು ಮಾರಾಯ್ತಿ. ನಿನ್ನ ಮುಖ ಯಾಕೆ ಹಾಗಾಯ್ತು?"

ಅಂದಿನಿಂದ ಹೆಸರು ತಪ್ಪುವುದು ಕಡಿಮೆಯಾಯಿತು. ನಾನು ದೊಡ್ಡ ಪಂಡಿತಳಂತೆ ಓಡಾಡಿಕೊಂಡಿದ್ದೆ. ಪರೀಕ್ಷೆಗೆ ಒಂಬತ್ತು ದಿನವಿರುವಾಗ ನನ್ನ ಪಾಂಡಿತ್ಯಕ್ಕೆ ಏಟು ಬಿತ್ತು. ನಮ್ಮ ವಾಚನಾಲಯಕ್ಕೆ ದಿನವೂ ಪೇಪರು ಓದಲು ಬರುವವರಲ್ಲಿ ಒಬ್ಬರು ನಿವೃತ್ತ ಉಪನ್ಯಾಸಕರು. ಕಾಲೇಜಿನಲ್ಲಿ ಇದೇ ಕಲ್ಲು ಮಣ್ಣಿನ ಪಾಠ ಹೇಳುತ್ತಿದ್ದವರಂತೆ. ಹೆಮ್ಮೆಗೆಂದೇ ಅವರಿಗೆ ಫೋನಿನಲ್ಲಿ ನಮ್ಮ ಒರಳಿನ ಫೋಟೋ ತೋರಿಸಿ, "ಇದು ಅಗ್ನಿಶಿಲೆ ಅಲ್ವಾ ಸಾರ್?" ಎಂದೆ. ಅವರು ಕನ್ನಡಕ ಹಣೆಗೇರಿಸಿ, ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದರು.

"ಇಲ್ಲಿ ನೋಡಮ್ಮ, ಬಿಳಿದು ಕರಿದು ಪಟ್ಟೆ ಪಟ್ಟೆ ಇದೆ. ಇದು ಗ್ರಾನೈಟಲ್ಲ, ನೀಸ್. ಒಂದು ಕಾಲಕ್ಕೆ ಗ್ರಾನೈಟೇ ಇದ್ದಿರಬಹುದು. ಆಮೇಲೆ ಅದುಮಿಸಿಕೊಂಡು ಹೀಗಾಗಿದೆ. ಇದೂ ರೂಪಾಂತರ ಶಿಲೆಯೇ."

ಫೋನನ್ನು ಚೀಲಕ್ಕೆ ಹಾಕಿಕೊಂಡೆ. ಹಾಗಾದರೆ ನಮ್ಮ ಮನೆಯಲ್ಲಿ ಅಗ್ನಿಶಿಲೆ ಎಂಬುದೇ ಇಲ್ಲ! ಗಟ್ಟಿಯೆಂದು ನಾವು ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದದ್ದೂ ಯಾವುದೋ ಭಾರಕ್ಕೆ ಬದಲಾದದ್ದೇ. ಇದನ್ನು ಅತ್ತಿಗೆಗೆ ಹೇಳಿದರೆ ಕಟ್ಟಿದ್ದೆಲ್ಲ ಬಿದ್ದು ಹೋದೀತು. ಹೇಳಲಿಲ್ಲ. ಅಂದು ಸಂಜೆ ಅವರು ಒರಳನ್ನು ಕಾಲಿನಿಂದ ತಟ್ಟಿ, "ಇದು ಅಗ್ನಿಶಿಲೆ, ತವರು ಬೆಂಕಿ," ಎಂದು ಒಪ್ಪಿಸಿದರು. ನಾನು, "ಸರಿ ಅತ್ತಿಗೆ," ಎಂದೆ. ಕಲಿಸುವವರು ಕಲಿಯುವವರಿಗೆ ಎಷ್ಟು ಸುಳ್ಳು ಹೇಳಬೇಕಾಗುತ್ತದೆ ಎಂದು ಅಂದು ತಿಳಿಯಿತು. ಬಸರೀಕಟ್ಟೆಯ ಮೇಷ್ಟ್ರ ಮೇಲಿನ ನನ್ನ ಮೂವತ್ತು ವರ್ಷದ ಸಿಟ್ಟಿನಲ್ಲಿ ಒಂದು ಚೂರು ಕರಗಿತು.

ಪರೀಕ್ಷೆ ನರಸಿಂಹರಾಜಪುರದಲ್ಲಿತ್ತು, ಇವರು ಕೂಗುವ ಅದೇ ಎನ್ನಾರ್‌ಪುರದಲ್ಲಿ. ಅಂದು ಬೆಳಗಿನ ಜಾವವೇ ಹಾಸ್ಟೆಲಿಗೆ ಹೋಗಿ ಚಿತ್ರಾನ್ನ ಮಾಡಿಟ್ಟು ಬಂದ ಅತ್ತಿಗೆ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದರು. ಇಡೀ ದಾರಿ 'ಎಬ್ಬಿಸಿ ಇನ್ನೊಮ್ಮೆ ಕೇಳಲೇ, ಬೇಡವೇ' ಎಂದು ನಾನು ಒದ್ದಾಡಿದೆ. ಎಬ್ಬಿಸಲಿಲ್ಲ. ಶಾಲೆಯ ಎದುರಿನ ಮೋರಿಯ ಕಟ್ಟೆಯ ಮೇಲೆ ಮೂರು ಗಂಟೆ ಕೂತೆ. ಒಳಗಿದ್ದವರಲ್ಲಿ ಹೆಚ್ಚಿನವರು ಹದಿನೇಳು ಹದಿನೆಂಟರವರು. ಅವರ ನಡುವೆ ಅರಿಸಿನದ ಕಲೆಯ ಬೆರಳುಗಳಲ್ಲಿ ಪೆನ್ನು ಹಿಡಿದು ಕೂತ ಅತ್ತಿಗೆಯನ್ನು ನೆನೆದು ಪುನಃ ಪುನಃ ನೀರು ಕುಡಿದೆ.

ಗಂಟೆ ಹೊಡೆದ ಮೇಲೆ ಎಲ್ಲರಿಗಿಂತ ಕೊನೆಗೆ ಬಂದರು.

"ಕಲ್ಲು ಬಂತಾ?"

"ಬಂತು. ನಾಲ್ಕು ಮಾರ್ಕಿಗೆ."

"ಎಡಗಡೆ ಯಾವ್ದು ಹಾಕಿದ್ರಿ, ಬಲಗಡೆ ಯಾವ್ದು?"

"ಎಡ ಬಲ ಇಲ್ಲ."

"ಅಂದ್ರೆ?"

"ಗೀಟೇ ಹಾಕ್ಲಿಲ್ಲ ಮಾರಾಯ್ತಿ. ಗೀಟು ಕಂಡ್ರೆ ನಂಗೆ ತಲೆ ತಿರುಗ್ತದೆ. ಸುಮ್ನೆ ಮಾತಾಡೋ ಹಾಗೆ ಬರ್ದೆ." ಸೆರಗಿನಲ್ಲಿ ಮುಖ ಒರೆಸಿಕೊಂಡು ಬರೆದದ್ದನ್ನು ಹೇಳಿದರು. "ಅಗ್ನಿಶಿಲೆಗೆ ಬೆಂಕಿಯೇ ತವರುಮನೆ. ಅದು ಒಂದೇ ಸಲ ಕರಗಿದ್ದು. ತಣಿದ ಮೇಲೆ ಬಹಳ ಗಟ್ಟಿ. ಆದರೆ ತಿರುಗಿ ಬೆಂಕಿಗೆ ಹೋದರೆ ಒಡೆಯುತ್ತದೆ. ರೂಪಾಂತರ ಶಿಲೆ ಒಂದು ಸಲವೂ ಕರಗಿಲ್ಲ. ಬಿಸಿ ಮತ್ತು ಭಾರ ಎರಡನ್ನೂ ತಡೆದು ಬೇರೆ ಆಗಿದೆ. ಆದ್ದರಿಂದ ಅದರಲ್ಲಿ ಒಂದು ಜಾತಿ, ಬಳಪದ ಕಲ್ಲು, ಒಲೆಗೆ ಆಗುತ್ತದೆ. ಇಷ್ಟು."

"ತವರುಮನೆ ಅಂತ ಬರ್ದ್ರಾ?"

"ಮತ್ತೆ? ನೀನೇ ಹೇಳ್ಕೊಟ್ಟದ್ದು."

ನಾನು ಮೋರಿಯ ಕಟ್ಟೆಯ ಮೇಲೆ ತಿರುಗಿ ಕೂತೆ. ಬರೆದದ್ದು ಯಾವುದೂ ತಪ್ಪಲ್ಲ. ಆದರೆ ತಪ್ಪಲ್ಲದ್ದಕ್ಕೆಲ್ಲ ಅಂಕ ಕೊಡುವುದಿಲ್ಲ ಎಂದು ನನಗೆ ಬಸರೀಕಟ್ಟೆಯಿಂದಲೇ ಗೊತ್ತು. ಎಲ್ಲೋ ಒಂದು ಊರಿನಲ್ಲಿ, ಬೆಂಚಿನ ಮೇಲೆ ಕಟ್ಟುಗಟ್ಟಲೆ ಉತ್ತರಪತ್ರಿಕೆ ಇಟ್ಟುಕೊಂಡ, ಸೊಂಟ ನೋಯುವ ಯಾರೋ ಒಬ್ಬರು 'ತವರುಮನೆ' ಎಂಬಲ್ಲಿಗೆ ಬಂದು ಕೆಂಪು ಪೆನ್ನನ್ನು ಏನು ಮಾಡಿಯಾರು? ಅಂದಿನಿಂದ ಇಂದಿನವರೆಗೆ ನಾನು ಆ ಪೆನ್ನನ್ನು ಯೋಚಿಸದ ದಿನವಿಲ್ಲ. ನಡುವೆ ಅತ್ತಿಗೆ ಮಾತ್ರ ಒಂದು ಸಲವೂ ಕೇಳಲಿಲ್ಲ. ಹಾಸ್ಟೆಲಿಗೆ ಹೋದರು, ಬಂದರು, ಗೋಡೆಗೆ ಒರಗಿ ಕೂತರು. ಪಾಠವಿಲ್ಲದ್ದರಿಂದ ಇಬ್ಬರಿಗೂ ತೂಕಡಿಕೆ ಬೇಗ ಬರುತ್ತಿತ್ತು.

ಇವತ್ತು ಮಧ್ಯಾಹ್ನ ಮರಿಗೆಗೆ ಎಣ್ಣೆ ಒರೆಸಿ ಇಟ್ಟು ಗಡಿಯಾರ ನೋಡಿದರೆ ನಾಲ್ಕಕ್ಕೆ ಹತ್ತು ನಿಮಿಷ. ನಜೀರಣ್ಣನ ಅಂಗಡಿಯಲ್ಲಿ ಜನವಿತ್ತು. ನನ್ನನ್ನು ಕಂಡು ಅವರು ಸ್ಟೂಲು ಒರೆಸಿಕೊಟ್ಟರು. ನೋಂದಣಿ ಸಂಖ್ಯೆ ಒತ್ತಿದರು. ಬಿಳಿ ಪರದೆಯ ನಡುವೆ ಒಂದು ಚಕ್ರ ತಿರುಗುತ್ತಲೇ ಇತ್ತು.

"ಉಸ್ರು ಬಿಡಿ ಅಕ್ಕಾ, ನೀವು ಹಿಡ್ಕೊಂಡ್ರೆ ಅದೂ ಹಿಡ್ಕೊಳ್ತದೆ," ಎಂದರು.

ತೆರೆಯಿತು. ಸಮಾಜ ವಿಜ್ಞಾನ ಮೂವತ್ತಾರು. ಪಾಸಿಗೆ ಮೂವತ್ತೈದು ಬೇಕು. ಪಕ್ಕದಲ್ಲಿ 'ಉತ್ತೀರ್ಣ' ಎಂದಿತ್ತು. ನಾನು ಬೆರಳು ಮಡಚಿ ಎಣಿಸಿದೆ. ಉಳಿದ ಪ್ರಶ್ನೆಗಳದ್ದೆಲ್ಲ ಸೇರಿದರೂ ಮೂವತ್ತೆರಡು ದಾಟದೆಂದು ಪರೀಕ್ಷೆಯ ದಿನವೇ ಲೆಕ್ಕ ಹಾಕಿದ್ದೆ, ಆ ನಾಲ್ಕರಲ್ಲಿ ಮೂರಾದರೂ ಬಾರದೇ ಇದ್ದರೆ ಪಾಸಾಗುತ್ತಿರಲಿಲ್ಲ. ಹಾಗಾದರೆ ಆ ಸೊಂಟ ನೋಯುವವರು ಓದಿದ್ದಾರೆ. ಗೀಟಿಲ್ಲವೆಂದು ತಳ್ಳದೆ, ಕೊನೆಯವರೆಗೂ ಓದಿದ್ದಾರೆ. ಅವರು ಗಂಡಸೋ ಹೆಂಗಸೋ, ಯಾವ ಊರಿನವರೋ ತಿಳಿಯದು. ಅವರ ಸೊಂಟಕ್ಕೆ ಸುಖ ಸಿಗಲಿ ಎಂದುಕೊಂಡೆ. ನಜೀರಣ್ಣ ಎರಡು ಪ್ರತಿ ಮುದ್ರಿಸಿ, "ಒಂದು ವಾರ್ಡನ್‌ಗೆ, ಒಂದು ಮನೇಲಿ ಗೋಡೆಗೆ," ಎಂದು ಕೊಟ್ಟರು.

ಅಲ್ಲಿಂದ ನೇರ ಹಾಸ್ಟೆಲಿನ ಅಡುಗೆಮನೆಗೆ ಹೋದೆ. ಅತ್ತಿಗೆ ದೊಡ್ಡ ಕಡಾಯಿಯ ಮುಂದೆ ನಿಂತಿದ್ದರು. ಬಾಗಿಲಲ್ಲಿ ನನ್ನನ್ನು ಕಂಡು ಏನೋ ತಿಳಿದವರಂತೆ ಕೈ ಅಡ್ಡ ಹಿಡಿದರು.

"ಒಂದ್ನಿಮ್ಷ ನಿಲ್ಲು, ಒಗ್ಗರಣೆ ಸೀದೀತು."

ಸಾಸಿವೆ ಸಿಡಿಯಿತು, ಕರಿಬೇವು ಬಿತ್ತು, ಒಗ್ಗರಣೆ ಸಾರಿನೊಳಗೆ ಚುಂಯ್ ಎಂದಿತು. ಮುಚ್ಚಳ ಮುಚ್ಚಿ ಈ ಕಡೆ ತಿರುಗಿದರು.

"ಎಷ್ಟು?"

"ಮೂವತ್ತಾರು."

"ಒಂದು ದಂಡ ಆಯ್ತಲ್ಲ," ಎಂದರು. ಬೋರಲು ಹಾಕಿದ ಪಾತ್ರೆಯ ಮೇಲೆ ಮೆಲ್ಲನೆ ಕೂತರು. ಕಾಗದ ಕೊಟ್ಟೆ. ಕೈ ಒದ್ದೆಯೆಂದು ಮುಟ್ಟಲಿಲ್ಲ, ನನ್ನ ಕೈಯಲ್ಲೇ ಹಿಡಿಸಿ ಓದಿದರು. ಹೆಸರು ಓದಿದರು, ಗಂಡನ ಹೆಸರು ಓದಿದರು, "ಉತ್ತೀರ್ಣ" ಎಂಬುದನ್ನು ಬಾಯಿಬಿಟ್ಟು ಎರಡು ಸಲ ಓದಿದರು.

"ಇದು ಸದ್ಯಕ್ಕೆ ಅಲ್ಲ ಅಲ್ದಾ ಸುಮಾ?"

"ಅಲ್ಲ ಅತ್ತಿಗೆ. ಇನ್ನು ಯಾರೂ ತೆಗೆಯೋ ಹಾಗಿಲ್ಲ."

ಅವರು ತಲೆಯಾಡಿಸಿದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಒಂದು ಹೇಳ್ತೀನಿ, ಬೈಬೇಡ. ಪಾಸಾದ್ರೆ ಇನ್ನು ಹನ್ನೆರಡು ವರ್ಷ ಇದೇ ಒಲೆ. ಫೇಲಾದ್ರೆ ಬರೋ ತಿಂಗಳಿಂದ ಮನೇಲಿ. ನಿನ್ನೆ ದೇವ್ರ ಮುಂದೆ ನಿಂತಾಗ ಎಂತ ಬೇಡ್ಕೊಳ್ಬೇಕು ಅಂತ್ಲೇ ಗೊತ್ತಾಗ್ಲಿಲ್ಲ. ಸುಮ್ನೆ ಕೈ ಮುಗ್ದು ಬಂದೆ," ಎಂದರು.

"ಈಗ?"

"ಈಗ ಎಂತ? ಅನ್ನ ಬಗ್ಸಬೇಕು. ಆ ಕಡೆ ಹಿಡ್ಕೊ."

ಇಬ್ಬರೂ ಬಟ್ಟೆ ಹಿಡಿದು ಅನ್ನದ ಪಾತ್ರೆ ಇಳಿಸಿದೆವು. ಗಂಜಿಯ ಹಬೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣಲಿಲ್ಲ. ಅವರ ಮೂಗು ಸೊರಸೊರ ಎಂದದ್ದು ಮಾತ್ರ ಕೇಳಿಸಿತು. ಹಬೆ ಹೋಗುವ ಹೊತ್ತಿಗೆ ಅವರು ಸೌಟು ಹುಡುಕುತ್ತಿದ್ದರು.

ಸಂಜೆ ಮನೆಯಲ್ಲಿ ಹಬ್ಬದ ಅಡುಗೆ ಮಾಡಬೇಕೆಂದು ಬೆಳಿಗ್ಗೆ ಅಂದುಕೊಂಡಿದ್ದೆ. ಯಾರಿಗೂ ಆಗಲಿಲ್ಲ. ಇವರು ಬಸ್‌ಸ್ಟ್ಯಾಂಡಿನಿಂದ ಜಿಲೇಬಿ ತಂದರು. ಕಾಗದಕ್ಕೆ ಅಂಟಿಕೊಂಡಿದ್ದ ಅದನ್ನು ಬಿಡಿಸಿ ತಿಂದೆವು. ಗಂಟಲು ಕಟ್ಟಿದ್ದರೂ, "ನಮ್ಮನೇಲಿ ಸಮಾಜದಲ್ಲಿ ಪಾಸಾದವರು ಈಗ ಇಬ್ರು," ಎಂದು ಇವರು ಅಂದೇಬಿಟ್ಟರು. "ನಿಂದು ಎಷ್ಟು ಅಂತ ಈಗಾದ್ರೂ ಹೇಳು," ಎಂದರು ಅತ್ತಿಗೆ. ಇವರು ಇನ್ನೊಂದು ಜಿಲೇಬಿ ಬಾಯಿಗಿಟ್ಟುಕೊಂಡರು.

ಆಮೇಲೆ ಗಂಜಿ, ಸುಟ್ಟ ಹಲಸಿನ ಹಪ್ಪಳ, ಮಾವಿನಮಿಡಿ ಉಪ್ಪಿನಕಾಯಿ. ಎರಡನೇ ಸಲ ಗಂಜಿ ಬಡಿಸಲು ಹೋದಾಗ ಅತ್ತಿಗೆ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಗೋಡೆಗೆ ಒರಗಿ, ತಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿದ್ದೆ ಹೋಗಿದ್ದರು. ಅವರೇ ಮೊದಲು ಮಲಗಿದ್ದು. ಇವರು ತಲೆದಿಂಬು ತಂದು ಕುತ್ತಿಗೆಗೆ ಕೊಟ್ಟರು. ನಾನು ತಟ್ಟೆ ತೆಗೆದು, ಒದ್ದೆ ಬಟ್ಟೆಯಲ್ಲಿ ಅವರ ಬೆರಳುಗಳನ್ನು ಒಂದೊಂದಾಗಿ ಒರೆಸಿದೆ. ಎಚ್ಚರವಾಗಲಿಲ್ಲ.